ಸೂಜಿ ಚುಚ್ಚಿತೇ? ನರ್ಸಿಂಗ್ ವಿದ್ಯಾರ್ಥಿಗಳಿಗೂ ಹಕ್ಕಿದೆ

ವಾರ್ಡಿನಲ್ಲಿ ರಕ್ತ ತೆಗೆದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಂಡ ವಿದ್ಯಾರ್ಥಿನಿ, ಬೈಗುಳಕ್ಕೆ ಹೆದರಿ ಸುಮ್ಮನಾಗುವುದುಂಟು. ‘ನೀನು ಇಲ್ಲಿನ ನೌಕರಳಲ್ಲ’ ಎಂಬ ಮಾತೂ ಕೇಳಿಬರಬಹುದು. ಕಾನೂನು ಹಾಗೆ ಹೇಳುವುದಿಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಮಕ್ಕಳು ತಾಲ್ಲೂಕು ಆಸ್ಪತ್ರೆಯಲ್ಲಿರಲಿ, ಹಾವೇರಿ ಅಥವಾ ಹುಬ್ಬಳ್ಳಿಯಲ್ಲಿ ಪೋಸ್ಟಿಂಗ್‌ನಲ್ಲಿರಲಿ, ಇದನ್ನು ತಿಳಿದಿರಬೇಕು.

ಮೊದಲು ಮಾಡಬೇಕಾದದ್ದು
ಹರಿಯುವ ನೀರು, ಸೋಪಿನಿಂದ ಗಾಯ ತೊಳೆಯಿರಿ. ಹಿಂಡಬೇಡಿ, ಬಾಯಿಗಿಡಬೇಡಿ, ಸ್ಪಿರಿಟ್ ಹಚ್ಚಬೇಡಿ. ಕಣ್ಣಿಗೆ ರಕ್ತ ಸಿಡಿದಿದ್ದರೆ ಬರೀ ನೀರಿನಿಂದ ತೊಳೆಯಿರಿ. ಕೂಡಲೇ ಇನ್‌ಚಾರ್ಜ್ ಸಿಸ್ಟರ್‌ಗೂ ಕರ್ತವ್ಯನಿರತ ವೈದ್ಯರಿಗೂ ತಿಳಿಸಿ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡವೆಂದರೂ 72 ಗಂಟೆಯೊಳಗೆ ಆರಂಭಿಸಬೇಕು. 28 ದಿನ ಬಿಡದೆ ನುಂಗಬೇಕು. ರೋಗಿಯ ಪರೀಕ್ಷೆಗೆ ಅವರ ಒಪ್ಪಿಗೆ ಬೇಕು. ಆ ವರದಿಗೆ ಕಾದು ನಿಮ್ಮ ಮಾತ್ರೆ ತಡಮಾಡಬೇಡಿ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯೇ ಎಂಬುದನ್ನು ವೈದ್ಯರಿಗೆ ಹೇಳಿ. ಈ ಸೋಂಕು ಸೂಜಿಯಿಂದ ಎಚ್‌ಐವಿಗಿಂತ ಎಷ್ಟೋ ಸುಲಭವಾಗಿ ತಗಲುತ್ತದೆ.

ಕಾನೂನು ಏನು ಹೇಳುತ್ತದೆ?
2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017ರ 19ನೇ ಕಲಂ ಪ್ರಕಾರ, ಅಪಾಯಕ್ಕೆ ಒಡ್ಡಿಕೊಳ್ಳಬಹುದಾದ ‘ಕೆಲಸ ಮಾಡುವ ಎಲ್ಲರಿಗೂ’ ಆಸ್ಪತ್ರೆ ಸುರಕ್ಷಾ ಸಾಮಗ್ರಿ, ತರಬೇತಿ, ಪಿಇಪಿ ಒದಗಿಸಬೇಕು. ಸಂಬಳದ ಷರತ್ತು ಅಲ್ಲಿಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೊ) ಮಾರ್ಗಸೂಚಿಯೂ ವಿದ್ಯಾರ್ಥಿಗಳನ್ನು ಆರೋಗ್ಯ ಸಿಬ್ಬಂದಿಯ ಸಾಲಿನಲ್ಲೇ ಸೇರಿಸಿದೆ.

3ನೇ ಕಲಂ ಪ್ರಕಾರ, ಎಚ್‌ಐವಿ ಕಾರಣಕ್ಕೆ ಕಾಲೇಜು ಪ್ರವೇಶ ನಿರಾಕರಿಸುವಂತಿಲ್ಲ, ಓದು ಬಿಡಿಸುವಂತಿಲ್ಲ. ಓದು ಮುಂದುವರಿಸಲು ಪರೀಕ್ಷೆಯ ಷರತ್ತನ್ನೂ ಹಾಕುವಂತಿಲ್ಲ. ನಿಮ್ಮ ವರದಿ ನೋಟಿಸ್ ಬೋರ್ಡಿಗೂ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಕೂಡದು.

ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮ, 2016ರಂತೆ ಸೂಜಿ ಬೀಳಬೇಕಾದದ್ದು ಚುಚ್ಚಲಾಗದ ಬಿಳಿ ಡಬ್ಬಿಗೆ. ತ್ಯಾಜ್ಯ ಮುಟ್ಟುವ ಆರೋಗ್ಯ ಸಿಬ್ಬಂದಿಗೂ ಇತರರಿಗೂ ಹೆಪಟೈಟಿಸ್ ಬಿ, ಟೆಟನಸ್ ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ.

ಕಾಗದ ಮಾಡಿಸಿಕೊಳ್ಳಿ
ಮಾತ್ರೆ ಸಿಕ್ಕಿದ ಮೇಲೆ, ಅಂದೇ ಲಿಖಿತ ವರದಿ ಕೊಡಿ: ದಿನಾಂಕ, ವೇಳೆ, ವಾರ್ಡ್, ಚುಚ್ಚಿದ ಬಗೆ, ಕಂಡವರ ಹೆಸರು. ಒಂದು ಪ್ರತಿ ಆಸ್ಪತ್ರೆಗೆ, ಒಂದು ಪ್ರಾಂಶುಪಾಲರಿಗೆ. ಇನ್ನೊಂದಕ್ಕೆ ಮೊಹರು, ಸಹಿ ಹಾಕಿಸಿ ನಿಮ್ಮಲ್ಲಿಟ್ಟುಕೊಳ್ಳಿ. ಅಂದಿನ ರಕ್ತ ಪರೀಕ್ಷೆ ತಪ್ಪಿಸಬೇಡಿ: ಸೋಂಕು ಆ ಘಟನೆಗೆ ಮುಂಚೆ ಇರಲಿಲ್ಲವೆಂದು ತೋರಿಸಲು ಇರುವ ದಾಖಲೆ ಅದೊಂದೇ. ಮುಂದಿನ ಪರೀಕ್ಷೆಗಳನ್ನು ವೈದ್ಯರು ಹೇಳಿದ ದಿನಕ್ಕೆ ಮಾಡಿಸಿ.

ಯಾರಿಗೆ ದೂರು?
ಎಚ್‌ಐವಿ ಕಾಯ್ದೆಯಂತೆ, 20ಕ್ಕಿಂತ ಕಡಿಮೆಯಿಲ್ಲದ ಸಿಬ್ಬಂದಿಯುಳ್ಳ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಬೇಕು. ತಾರತಮ್ಯವಾದರೆ, ಚಿಕಿತ್ಸೆ ನಿರಾಕರಿಸಿದರೆ ಕಾಯ್ದೆಯಡಿ ರಾಜ್ಯ ಸರ್ಕಾರ ನೇಮಿಸುವ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 30 ದಿನದೊಳಗೆ ಆದೇಶವಾಗಬೇಕು. ಎಚ್‌ಐವಿ ಮಾಹಿತಿಗೆ 1097, ಕಾನೂನು ನೆರವಿಗೆ 15100. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವುಂಟು. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಹಾಕಿ.