ಸಪ್ತಮಿ ಎಲ್ಲಿ ಹೋಯಿತು? – 8ನೇ ತರಗತಿಯಲ್ಲಿ ತಿಥಿಯ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ 8ನೇ ತರಗತಿಗೆ ಚಂದ್ರನ ಕಲೆಗಳ ಪಾಠ ಮಾಡುತ್ತಿದ್ದೆ. ಪಂಚಾಂಗದ ಐದು ಅಂಗಗಳಾದ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳನ್ನು ಹಲಗೆಯ ಮೇಲೆ ಬರೆದು, "ತಿಥಿ ಎಂದರೆ ಚಾಂದ್ರಮಾನದ ಒಂದು ದಿನ" ಎಂದು ಹೇಳಿದೆ. ಮರುದಿನ ಒಬ್ಬ ಹುಡುಗಿ ಮನೆಯ ಕ್ಯಾಲೆಂಡರಿನ ಹಾಳೆ ತಂದು, "ಮಿಸ್, ಷಷ್ಠಿ ಆದ ಮೇಲೆ ಅಷ್ಟಮಿ ಇದೆ. ಸಪ್ತಮಿ ಎಲ್ಲಿ ಹೋಯ್ತು?" ಎಂದು ಕೇಳಿದಳು. ಅಚ್ಚಿನ ತಪ್ಪಿರಬಹುದು ಎಂದುಬಿಟ್ಟೆ. ತಪ್ಪು ನನ್ನದೇ ಎಂಬುದು ಸಂಜೆ ಪಾಠಯೋಜನೆಗೆ ಕುಳಿತಾಗ ತಿಳಿಯಿತು. ಮುಂದಿನ ಅವಧಿಯನ್ನು ಅದನ್ನು ಒಪ್ಪಿಕೊಂಡೇ ಆರಂಭಿಸಿದೆ.

ಕಲಿಕಾಂಶ: ತಿಥಿ ಕೋನದ ಅಳತೆ, ದಿನದ ಅಳತೆಯಲ್ಲ. ಭೂಮಿಯಿಂದ ನೋಡಿದಾಗ ಚಂದ್ರನು ಸೂರ್ಯನಿಗಿಂತ 12° ಮುಂದೆ ಸರಿದರೆ ಒಂದು ತಿಥಿ ಮುಗಿಯುತ್ತದೆ. 360 ÷ 12 = 30 ತಿಥಿಗಳು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನಗಳಾದ್ದರಿಂದ ಒಂದು ತಿಥಿಯ ಸರಾಸರಿ ಅವಧಿ ಸುಮಾರು 23 ಗಂಟೆ 37 ನಿಮಿಷ.

ಚಟುವಟಿಕೆ: ಅಂಗಳದಲ್ಲಿ ಸೀಮೆಸುಣ್ಣದಿಂದ ವೃತ್ತ ಬರೆದು 30 ಮನೆ ಮಾಡಿದೆವು. ನಡುವೆ ಭೂಮಿ, ಅಂಚಿನಲ್ಲಿ ಸೂರ್ಯನಾಗಿ ಒಬ್ಬ ನಿಂತ. ಚಂದ್ರನಾದವಳು ಮನೆ ದಾಟುತ್ತಾ ಹೋದಳು. ಚಂದ್ರನ ಪಥ ದೀರ್ಘವೃತ್ತ. ಭೂಮಿಗೆ ಹತ್ತಿರವಾದಾಗ ವೇಗ ಹೆಚ್ಚು, ದೂರವಾದಾಗ ಕಡಿಮೆ. ಮನೆಗಳ ಅಳತೆ ಒಂದೇ ಆದರೂ ದಾಟುವ ಸಮಯ ಒಂದೇ ಅಲ್ಲ ಎಂದು ಮಕ್ಕಳೇ ಹೇಳಿದರು.

ನಂತರ ಒಂದು ಲೆಕ್ಕ ಕೊಟ್ಟೆ. ಸೂರ್ಯೋದಯದಲ್ಲಿ ಇರುವ ತಿಥಿಯೇ ಸಾಮಾನ್ಯವಾಗಿ ಆ ದಿನದ ತಿಥಿ. ಸೂರ್ಯೋದಯ 6:10ಕ್ಕೆ ಎಂದಿಟ್ಟುಕೊಳ್ಳೋಣ. ಸಪ್ತಮಿ ಬೆಳಿಗ್ಗೆ 6:40ಕ್ಕೆ ಆರಂಭವಾಗಿ ಮರುದಿನ 5:50ಕ್ಕೆ ಮುಗಿದರೆ? ಅದಕ್ಕೆ ಒಂದು ಸೂರ್ಯೋದಯವೂ ಸಿಗುವುದಿಲ್ಲ. ಸಪ್ತಮಿ ಬಂದು ಹೋಗಿರುತ್ತದೆ, ಆದರೆ ಯಾವ ದಿನಕ್ಕೂ ಅದರ ಹೆಸರಿಲ್ಲ. ಇದೇ ಕ್ಷಯ ತಿಥಿ. 5:50ಕ್ಕೆ ಆರಂಭವಾಗಿ ಮರುದಿನ 6:50ರವರೆಗೆ ಇದ್ದರೆ ಎರಡು ಸೂರ್ಯೋದಯ ಸಿಕ್ಕಿ ವೃದ್ಧಿ ತಿಥಿಯಾಗುತ್ತದೆ.

ತಿಥಿ ಮುಗಿಯುವ ವೇಳೆಯನ್ನು ಹಳೆಯ ಪಂಚಾಂಗಗಳು ಸೂರ್ಯೋದಯದಿಂದ ಎಣಿಸಿ ಘಳಿಗೆಗಳಲ್ಲಿ ಕೊಡುತ್ತವೆ. ದಿನಕ್ಕೆ 60 ಘಳಿಗೆ. ಒಂದು ಘಳಿಗೆ 24 ನಿಮಿಷ. ಅದರ 60ನೇ ಒಂದು ಭಾಗ ವಿಘಳಿಗೆ, ಅಂದರೆ 24 ಸೆಕೆಂಡು.

ಮೌಲ್ಯಮಾಪನ: (1) ನಮ್ಮ 40 ನಿಮಿಷದ ಅವಧಿ ಎಷ್ಟು ಘಳಿಗೆ? (2) ಚಂದ್ರ ಸೂರ್ಯನಿಗಿಂತ 100° ಮುಂದಿದ್ದರೆ ಯಾವ ತಿಥಿ?

ಮೊದಲನೆಯದಕ್ಕೆ 1 ಘಳಿಗೆ 40 ವಿಘಳಿಗೆ ಎಂದು ಸುಲಭವಾಗಿ ಬರೆದರು. ಎರಡನೆಯದಕ್ಕೆ ಹಲವರು ಅಷ್ಟಮಿ ಎಂದರು. 100ನ್ನು 12ರಿಂದ ಭಾಗಿಸಿದರೆ 8 ಬಂದು 4 ಉಳಿಯುತ್ತದೆ. ಎಂಟು ಮುಗಿದಿವೆ, ನಡೆಯುತ್ತಿರುವುದು ಒಂಬತ್ತನೆಯದು. ಉತ್ತರ ಶುಕ್ಲ ನವಮಿ. ಈ ಪಾಠ ಮಾಡುವವರು 'ಮುಗಿದ ಮನೆ' ಮತ್ತು 'ನಿಂತ ಮನೆ' ಬೇರೆ ಎಂಬುದನ್ನು ಅಂಗಳದಲ್ಲೇ ತೋರಿಸುವುದು ಒಳ್ಳೆಯದು.

ಕ್ಯಾಲೆಂಡರ್ ತಂದ ಹುಡುಗಿಯ ಉತ್ತರ ಸರಿಯಿತ್ತು. ಗೊತ್ತಿಲ್ಲದ್ದನ್ನು ಅಚ್ಚಿನ ತಪ್ಪು ಎನ್ನುವ ಬದಲು "ನಾಳೆ ನೋಡಿ ಹೇಳುತ್ತೇನೆ" ಎನ್ನುವುದನ್ನು ನಾನು ಕಲಿತೆ.