ಕಾರಿನ ಶೆಡ್ಡು ಮರಗೆಲಸದ ಕೋಣೆಯಾಗಬೇಕಾದರೆ

ಕುಂಬಳೆಯಿಂದ ಸೀತಾಂಗೋಳಿಯ ಮೂಲಕ ಬದಿಯಡ್ಕಕ್ಕೆ ಹೋಗುವ ದಾರಿಯ ಆಚೀಚೆ ನೋಡಿದರೆ ಅನೇಕ ಮನೆಗಳ ಬದಿಯಲ್ಲಿ ಒಂದು ಶೆಡ್ಡು ಕಾಣುತ್ತದೆ. ಜೀಪನ್ನೋ ಕಾರನ್ನೋ ನಿಲ್ಲಿಸಲೆಂದು ಕಟ್ಟಿದ್ದು. ಕಾಲಕ್ರಮದಲ್ಲಿ ವಾಹನವು ಅಂಗಳಕ್ಕೆ ಬರುತ್ತದೆ. ಶೆಡ್ಡಿನೊಳಗೆ ಅಡಿಕೆಯ ಗೋಣಿ, ಹಳೆಯ ಟಯರು, ಕಾಲು ಮುರಿದ ಕುರ್ಚಿ ಸೇರಿಕೊಳ್ಳುತ್ತವೆ. ಅಂತಹ ಶೆಡ್ಡನ್ನು ಮರಗೆಲಸದ ಕೋಣೆಯಾಗಿ ಮಾರ್ಪಡಿಸುವ ಬಗೆಯನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಮರಗೆಲಸವು ನಮ್ಮ ನಾಡಿಗೆ ಹೊಸತಲ್ಲ. ಹತ್ತಿರದ ಅನಂತಪುರದ ಸರೋವರ ಕ್ಷೇತ್ರಕ್ಕೆ ಹೋದವರು ಮುಖಮಂಟಪದ ಮೇಲ್ಛಾವಣಿಯಲ್ಲಿರುವ ದಶಾವತಾರದ ಮರದ ಕೆತ್ತನೆಗಳನ್ನು ನೋಡಿರಬಹುದು. ವಿದ್ಯಾರ್ಥಿಗಳು ಕೈಕೆಲಸ ಕಲಿಯಬೇಕೆಂಬ ವಿಚಾರವೂ ಹಳೆಯದೇ. ಫಿನ್ಲೆಂಡ್ ದೇಶವು 1866ರಷ್ಟು ಹಿಂದೆಯೇ ಜನರ ಶಾಲೆಗಳ ಪಾಠಗಳಲ್ಲಿ ಕೈಕೆಲಸವನ್ನು ಸೇರಿಸಿತು. 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಮಕ್ಕಳ ಶಿಕ್ಷಣಕ್ಕೆ ಒಂದು ಕೈಕಸುಬೇ ಕೇಂದ್ರವಾಗಿರಬೇಕೆಂದರು. ಆದರೆ ಕೆಲಸದಷ್ಟೇ ಕೆಲಸದ ಸ್ಥಳವೂ ಮುಖ್ಯವೆಂಬುದನ್ನು ನಾವು ಹಲವೊಮ್ಮೆ ಮರೆಯುತ್ತೇವೆ.

ನಾವೂ ಮರೆತಿದ್ದೆವು. ನಮ್ಮ ಮನೆಯ ಶೆಡ್ಡನ್ನು ಸರಿಪಡಿಸುವ ಮೊದಲೇ ವಿದ್ಯುತ್ ಗರಗಸವನ್ನು ತಂದೆವು. ಆಟಿಯ ಮಳೆಗೆ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡಿದೆವು. ಒಂದು ತಿಂಗಳಾಗುವಷ್ಟರಲ್ಲಿ ಉಳಿಗಳಿಗೆಲ್ಲ ತುಕ್ಕು ಹಿಡಿಯಿತು. ಹಲಸಿನ ಮರದಿಂದ ಮಾಡಿದ ಪೆಟ್ಟಿಗೆಯ ಮುಚ್ಚಳವು ಉಬ್ಬಿ, ತೆರೆಯಲು ಇಬ್ಬರು ಬೇಕಾಯಿತು. ಇವೆರಡನ್ನೂ ಸಹಿಸಬಹುದಿತ್ತು. ಆದರೆ ನಮಗೆ ಕೆಲಸ ಕಲಿಸುತ್ತಿದ್ದ ಅಜ್ಜನಿಗೆ ರಾತ್ರಿಯೆಲ್ಲ ಕೆಮ್ಮು ಹಿಡಿಯಿತು. ಯಂತ್ರವನ್ನು ನಿಲ್ಲಿಸಿ, ಮೊದಲಿನಿಂದ ಯೋಚಿಸಲು ಕುಳಿತೆವು. ಆಗ ನಮಗೆ ತಿಳಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್, ಎಂದರೆ ಮೂರೂವರೆ ಮೀಟರ್ ಮಳೆ ಬೀಳುತ್ತದೆ. ಶೆಡ್ಡಿನ ಮಾಡು 20 ಚದರ ಮೀಟರ್ ಇದೆಯೆಂದು ತಿಳಿಯೋಣ. 20ನ್ನು 3.5ರಿಂದ ಗುಣಿಸಿದರೆ 70 ಘನ ಮೀಟರ್, ಅಂದರೆ 70,000 ಲೀಟರ್! ಇಷ್ಟು ನೀರು ಗೋಡೆಯ ಬುಡಕ್ಕೇ ಬಿದ್ದರೆ ಒಳಗೆ ತೇವವಲ್ಲದೆ ಬೇರೇನಿದ್ದೀತು? ನಮ್ಮ ಗೋಡೆಗಳ ಮುರಕಲ್ಲು ರಂಧ್ರಗಳುಳ್ಳ ಕಲ್ಲು. ಕೇರಳದ ಅಂಗಡಿಪುರದಲ್ಲಿ ಇದನ್ನು ನೋಡಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಅಗೆಯುವಾಗ ಮೃದುವಾಗಿದ್ದು ಗಾಳಿ ತಗಲಿದಾಗ ಗಟ್ಟಿಯಾಗುವುದು ಇದರ ಗುಣ. ಬತ್ತಿಯು ಎಣ್ಣೆಯನ್ನು ಹೀರುವಂತೆ ನೆಲದ ನೀರನ್ನು ಮೇಲಕ್ಕೆ ಹೀರುವುದೂ ಇದರ ಗುಣವೇ. ಆದ್ದರಿಂದ ಮಾಡಿನ ಅಂಚಿಗೆ ದಂಬೆ ಕಟ್ಟಿ ನೀರನ್ನು ದೂರದ ಇಂಗುಗುಂಡಿಗೆ ಬಿಡಬೇಕು. ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಸಿಮೆಂಟು ಹಾಕಬೇಕು. ಒಡೆದ ಹಂಚುಗಳನ್ನು ಮಳೆಗಾಲಕ್ಕೆ ಮೊದಲೇ ಬದಲಿಸಬೇಕು.

ಎರಡನೆಯದು ನೆಲ. ವಾಹನದಿಂದ ಸುರಿದ ಎಣ್ಣೆಯ ಮೇಲೆ ಕಾಲು ಜಾರಿದರೆ ಕೈಯಲ್ಲಿರುವ ಉಳಿ ಎಲ್ಲಿಗೆ ಹೋಗುವುದೆಂದು ಹೇಳಲಾಗದು. ಎಣ್ಣೆಯ ಮೇಲೆ ಮರದ ಹೊಟ್ಟನ್ನು ಹರಡಿ ಒಂದು ದಿನ ಬಿಟ್ಟು ಗುಡಿಸಿ, ಬಳಿಕ ಸಾಬೂನಿನ ನೀರಿನಿಂದ ತಿಕ್ಕಬೇಕು. ಶೆಡ್ಡಿನ ನೆಲವು ಸಾಮಾನ್ಯವಾಗಿ ಬಾಗಿಲಿನ ಕಡೆಗೆ ಇಳಿಜಾರಾಗಿರುತ್ತದೆ. ನೀರು ಹರಿದು ಹೋಗಲು ಅದು ಒಳ್ಳೆಯದೇ; ಆದರೆ ಕೆಲಸದ ಮೇಜು ಓರೆಯಾಗುತ್ತದೆ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡೂ ತುದಿಗಳನ್ನು ಮೇಲಕ್ಕೆ ಹಿಡಿದರೆ ಎರಡು ಕಡೆಯ ನೀರೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅದನ್ನು ನೋಡಿ ಮೇಜಿನ ಕಾಲುಗಳ ಕೆಳಗೆ ಮರದ ತುಂಡುಗಳನ್ನಿಟ್ಟು ಸಮಮಾಡಬಹುದು. ಶಾಲೆಯಲ್ಲಿ ಕಲಿತ ವಿಜ್ಞಾನವು ಹೀಗೆ ಮನೆಯ ಕೆಲಸಕ್ಕೆ ಬರುತ್ತದೆ.

ಮೂರನೆಯದು ಬೆಳಕು ಮತ್ತು ಗಾಳಿ. ಸೆಖೆಯೂ ತೇವವೂ ಇರುವ ಊರುಗಳಲ್ಲಿ ಕಿಟಕಿಗಳ ವಿಸ್ತೀರ್ಣವು ನೆಲದ ಆರನೆಯ ಒಂದು ಭಾಗದಷ್ಟಾದರೂ ಇರಬೇಕೆಂಬುದು ಕಟ್ಟಡ ಕಟ್ಟುವವರ ಒಂದು ಲೆಕ್ಕ. ಶೆಡ್ಡು 10 ಅಡಿ ಅಗಲ, 18 ಅಡಿ ಉದ್ದವಿದ್ದರೆ ನೆಲವು 180 ಚದರ ಅಡಿ. ಕಿಟಕಿಗಳು 30 ಚದರ ಅಡಿ. ಎದುರುಬದುರಾದ ಗೋಡೆಗಳಲ್ಲಿ ಎರಡು ಕಿಟಕಿಗಳಿದ್ದರೆ ಗಾಳಿಯು ಒಂದರಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಆರಂಭಿಸಿದ ಕಾರ್ಖಾನೆಯಿಂದ ನಮ್ಮ ಕರಾವಳಿಯಲ್ಲಿ ಹಂಚಿನ ಮಾಡು ವ್ಯಾಪಕವಾಯಿತು. ಆ ಹಂಚುಗಳ ನಡುವೆ ನಾಲ್ಕೈದು ಗಾಜಿನ ಹಂಚುಗಳನ್ನಿಟ್ಟರೆ ಹಗಲಿನಲ್ಲಿ ದೀಪವೇ ಬೇಡ. ರಾತ್ರಿಗಾದರೆ ನಮ್ಮ ನೆರಳು ಕೆಲಸದ ಮೇಲೆ ಬೀಳದಂತೆ ಎರಡು ಬದಿಯಿಂದ ದೀಪವಿರಬೇಕು. ಗರಗಸದ ಹಲ್ಲು ಕತ್ತಲೆಯಲ್ಲಿ ಮರವನ್ನೂ ಬೆರಳನ್ನೂ ಬೇರೆಬೇರೆಯೆಂದು ತಿಳಿಯಲಾರದು.

ಗಾಳಿಯ ವಿಷಯದಲ್ಲಿ ಇನ್ನೊಂದು ಮಾತು. ಕಣ್ಣಿಗೆ ಕಾಣುವ ಹೊಟ್ಟಿಗಿಂತ ಕಾಣದ ನುಣುಪಾದ ಧೂಳು ಹೆಚ್ಚು ಅಪಾಯಕಾರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಯಲ್ಲಿ ಸೇರಿಸಿತು. ಉಪ್ಪುಕಾಗದದಿಂದ ಉಜ್ಜುವ ಕೆಲಸವನ್ನು ಬಾಗಿಲ ಬಳಿ ಅಥವಾ ಜಗಲಿಯಲ್ಲಿ ಮಾಡಬೇಕು. ಫ್ಯಾನನ್ನು ಕಿಟಕಿಯಲ್ಲಿಟ್ಟು ಗಾಳಿಯನ್ನು ಹೊರಕ್ಕೆ ದೂಡುವಂತೆ ಮಾಡಬೇಕು. 2020ರ ಬಳಿಕ ಎಲ್ಲರಿಗೂ ಪರಿಚಿತವಾದ ಎನ್-95 ಮುಖಗವಸು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಒಣ ನೆಲವನ್ನು ಗುಡಿಸಿ ಧೂಳೆಬ್ಬಿಸದೆ, ಒದ್ದೆ ಹೊಟ್ಟನ್ನು ಎರಚಿ ಗುಡಿಸಬೇಕು. ನಮ್ಮಲ್ಲಿ ಇಷ್ಟು ಮಾಡಿದ ಮೇಲೆ ಅಜ್ಜನ ಕೆಮ್ಮು ಇಳಿಯಿತು.

ನಾಲ್ಕನೆಯದು ವಿದ್ಯುತ್ತು. ಶೆಡ್ಡಿನಲ್ಲಿ ಸಾಮಾನ್ಯವಾಗಿ ಒಂದು ದೀಪ, ಒಂದು ಚಿಕ್ಕ ಪ್ಲಗ್ಗು ಇರುತ್ತದೆ. 1,400 ವಾಟಿನ ಗರಗಸವು 230 ವೋಲ್ಟಿನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತದೆ? 1,400ನ್ನು 230ರಿಂದ ಭಾಗಿಸಿದರೆ 6ಕ್ಕಿಂತ ತುಸು ಹೆಚ್ಚು. ಚಿಕ್ಕ ಪ್ಲಗ್ಗು ತಾಳಿಕೊಳ್ಳುವುದು 6 ಆಂಪಿಯರ್ ಮಾತ್ರ. ಆದ್ದರಿಂದ ಯಂತ್ರಕ್ಕೆ 16 ಆಂಪಿಯರಿನ ಪ್ಲಗ್ಗು, ದಪ್ಪ ತಂತಿ, ಸರಿಯಾದ ಅರ್ಥಿಂಗ್ ಬೇಕೇಬೇಕು. 30 ಮಿಲಿ ಆಂಪಿಯರಿನಷ್ಟು ವಿದ್ಯುತ್ತು ಸೋರಿದೊಡನೆ ಸಂಪರ್ಕವನ್ನು ಕಡಿಯುವ ಸಾಧನವನ್ನೂ ಹಾಕಿಸಬೇಕು. ಒದ್ದೆ ಕಾಲಿನಲ್ಲಿ ಓಡಾಡುವ ನಮ್ಮ ಮಳೆಗಾಲದಲ್ಲಿ ಇದು ಪ್ರಾಣ ಉಳಿಸಬಲ್ಲದು. ಈ ಕೆಲಸವನ್ನು ಪರವಾನಗಿಯುಳ್ಳ ಇಲೆಕ್ಟ್ರಿಶನ್ನರಿಂದಲೇ ಮಾಡಿಸಬೇಕು. ವಿದ್ಯಾರ್ಥಿಗಳು ಲೆಕ್ಕವನ್ನಷ್ಟೇ ಮಾಡಲಿ.

ಐದನೆಯದು ಮೇಜು. ಹಿಂದಿನ ಆಚಾರಿಗಳು ನೆಲದ ಮೇಲೆ ಕುಳಿತು, ಕಾಲಿನಿಂದಲೇ ಮರವನ್ನು ಒತ್ತಿಹಿಡಿದು ಕೆಲಸ ಮಾಡುತ್ತಿದ್ದರು. ಅದಕ್ಕೆ ಬಾಲ್ಯದಿಂದಲೇ ಅಭ್ಯಾಸ ಬೇಕು. ನಿಂತು ಕೆಲಸ ಮಾಡುವವರು ಕೈಗಳನ್ನು ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುವುದೋ ಅಷ್ಟು ಎತ್ತರದ ಮೇಜು ಮಾಡಿಕೊಂಡರೆ ಸೊಂಟ ನೋಯದು. ಮೇಜು ಅಲುಗಾಡಬಾರದು. ಚೌಕಟ್ಟು ಮೂಲೆಗೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಬದಿಯಲ್ಲಿ 3 ಅಡಿ, ಇನ್ನೊಂದು ಬದಿಯಲ್ಲಿ 4 ಅಡಿ ಗುರುತುಮಾಡಿ ನಡುವಣ ಅಂತರವನ್ನು ಅಳೆಯಿರಿ. 5 ಅಡಿ ಬಂದರೆ ಅದು ಲಂಬಕೋನ. ಉಳಿ, ಕೊಡತಿ, ಗರಗಸ, ಬೈರಿಗೆಗಳಿಗೆ ಗೋಡೆಯ ಹಲಗೆಯ ಮೇಲೆ ಒಂದೊಂದು ಜಾಗವನ್ನು ಗೆರೆ ಎಳೆದು ಗುರುತಿಸಿದರೆ ಸಂಜೆ ಯಾವುದು ಮರಳಿಲ್ಲವೆಂದು ಕೂಡಲೇ ತಿಳಿಯುತ್ತದೆ.

ಆರನೆಯದು ಮರವನ್ನು ಇಡುವ ಕ್ರಮ. ಮರವು ಸತ್ತ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆಯು ಶೇಕಡಾ 65 ಇರುವಾಗ ಮರದಲ್ಲಿ ಸುಮಾರು ಶೇಕಡಾ 12ರಷ್ಟು ತೇವ ನಿಲ್ಲುತ್ತದೆ. ಆರ್ದ್ರತೆ 90 ಆದರೆ ಅದು ಸುಮಾರು 20ಕ್ಕೆ ಏರುತ್ತದೆ. ಆಗ ಹಲಗೆಯು ಉದ್ದಕ್ಕೆ ಬೆಳೆಯುವುದು ಬಹಳ ಕಡಿಮೆ, ಅಗಲಕ್ಕೆ ಹಿಗ್ಗುತ್ತದೆ. ನಮ್ಮ ಪೆಟ್ಟಿಗೆಯ ಮುಚ್ಚಳ ಉಬ್ಬಿದ ಕಾರಣ ಇದೇ. ಹಲಗೆಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ, ನಡುನಡುವೆ ರೀಪಿನ ತುಂಡುಗಳನ್ನಿಟ್ಟು ಒಂದರ ಮೇಲೊಂದು ಜೋಡಿಸಬೇಕು. ಇದರಿಂದ ಗಾಳಿಯಾಡುತ್ತದೆ, ಗೆದ್ದಲು ಬಂದರೂ ಬೇಗ ಕಣ್ಣಿಗೆ ಬೀಳುತ್ತದೆ.

ಕೊನೆಯದಾಗಿ ಬೆಂಕಿ ಮತ್ತು ಶಬ್ದ. ಶೆಡ್ಡಿನಲ್ಲಿ ಉಳಿದ ಪೆಟ್ರೋಲಿನ ಡಬ್ಬಿಯನ್ನು ಮೊದಲು ಹೊರಕ್ಕೆ ಕಳುಹಿಸಿರಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು. ಆ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡುವಾಗ ಬಿಸಿಯಾಗಿ, ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಹುದು. ಅಂತಹ ಬಟ್ಟೆಯನ್ನು ಹೊರಗೆ ಬಿಡಿಸಿ ಒಣಗಿಸಬೇಕು. ಇನ್ನು ಶಬ್ದ: 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಾಳಬಹುದಾದರೆ, ಪ್ರತಿ 3 ಡೆಸಿಬೆಲ್ ಹೆಚ್ಚಿದಾಗಲೂ ಆ ಸಮಯವು ಅರ್ಧವಾಗುತ್ತದೆ. ಹಾಗಾದರೆ 100 ಡೆಸಿಬೆಲಿಗೆ ಎಷ್ಟು ಹೊತ್ತು? ವಿದ್ಯಾರ್ಥಿಗಳು ಲೆಕ್ಕಹಾಕಿ ನೋಡಲಿ. ಉತ್ತರ 15 ನಿಮಿಷ. ಕಿವಿಗೆ ರಕ್ಷಣೆ ಬೇಕೆಂಬುದು ಇದರಿಂದ ಸ್ಪಷ್ಟ. ಮಾರ್ಚಿಯಲ್ಲಿ ನೆರೆಮನೆಯ ಮಕ್ಕಳು ಪರೀಕ್ಷೆಗೆ ಓದುತ್ತಿರುವಾಗ ಯಂತ್ರಕ್ಕೆ ರಜೆ ಕೊಟ್ಟು ಕೈಗರಗಸ ಹಿಡಿಯುವುದು ಒಳ್ಳೆಯ ನೆರೆಹೊರೆಯ ಲಕ್ಷಣ.

ಹೆತ್ತವರಲ್ಲಿ ನಮ್ಮ ಒಂದು ವಿನಂತಿಯಿದೆ. ಮಕ್ಕಳು ಕೈಕೆಲಸದಲ್ಲಿ ಆಸಕ್ತಿ ತೋರಿದರೆ ಮೊದಲು ಯಂತ್ರವನ್ನು ಕೊಡಿಸಬೇಡಿ. ಮೊದಲು ಒಂದು ಕಿಟಕಿ ತೆರೆಸಿರಿ, ಒಂದು ದಂಬೆ ಕಟ್ಟಿಸಿರಿ, ಎರಡು ಗಾಜಿನ ಹಂಚು ಹಾಕಿಸಿರಿ. ಒಂದು ಕೈಗರಗಸ, ಎರಡು ಉಳಿ, ಒಂದು ಕೊಡತಿ ಇದ್ದರೆ ಒಂದು ವರ್ಷದ ಕಲಿಕೆಗೆ ಸಾಕು. ಯಂತ್ರದ ಬಳಿ ಮಕ್ಕಳು ಹಿರಿಯರ ಜೊತೆಯಲ್ಲೇ ಇರಲಿ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಿದೆ. ಅದು ನಿಜವಾಗಬೇಕಾದರೆ ಆ ಕೈಯ ಹತ್ತು ಬೆರಳುಗಳೂ ಉಳಿದಿರಬೇಕು, ಎದೆಯೊಳಗೆ ಶುದ್ಧ ಗಾಳಿ ಆಡುತ್ತಿರಬೇಕು. ನಮ್ಮ ಶೆಡ್ಡಿನಲ್ಲಿ ಈಗ ಅಜ್ಜನೂ ಮಕ್ಕಳೂ ಕಿಟಕಿಯ ಬಳಿ ನಿಂತು ಕೆಲಸ ಮಾಡುತ್ತಾರೆ. ಅಲ್ಲಿ ಮೊದಲು ತಯಾರಾದ ವಸ್ತು ಯಾವುದೆಂದು ಕೇಳಿದರೆ, ಅದು ಆ ಕಿಟಕಿಯ ಬಾಗಿಲೇ.