ಮೂಗು ಕಲಿಸಿದ ಪಾಠ

ವೈನ್ ಎಂದೊಡನೆ ನಮ್ಮಲ್ಲಿ ಹಲವರು ಹುಬ್ಬು ಗಂಟಿಕ್ಕುವುದು ಸಹಜ. ನಾನೂ ಅಂಥ ಮನೆಯಲ್ಲಿಯೇ ಬೆಳೆದವನು. ಈ ಲೇಖನ ಪಾನವನ್ನು ಹೊಗಳುವುದಕ್ಕೆ ಬರೆದುದಲ್ಲ. ಇದೇ ಕಾಲೇಜಿನಲ್ಲಿ ಓದಿ ಹೊರನಾಡಿಗೆ ಹೋದ ನಾನು 2019ರ ಫೆಬ್ರವರಿಯಿಂದ ಏಪ್ರಿಲಿನವರೆಗೆ ದಕ್ಷಿಣ ಆಸ್ಟ್ರೇಲಿಯದ ಬರೋಸಾ ಕಣಿವೆಯ ಒಂದು ವೈನ್ ಕಾರ್ಖಾನೆಯಲ್ಲಿ ಕೂಲಿ ಕೆಲಸ ಮಾಡಿದೆ. ಅಲ್ಲಿ ಕಂಡುದನ್ನೂ, ಗೆಳೆಯರೆದುರು ನನಗಾದ ಒಂದು ಮುಖಭಂಗವನ್ನೂ ತಿಳಿಸುವುದಷ್ಟೆ ನನ್ನ ಉದ್ದೇಶ.

ಬರೋಸಾ ಕಣಿವೆ ಅಡಿಲೇಡ್ ನಗರದ ಈಶಾನ್ಯಕ್ಕಿದೆ. ಪ್ರಷ್ಯದ ಸೈಲೀಸಿಯ ಪ್ರಾಂತದಿಂದ ಧಾರ್ಮಿಕ ಸ್ವಾತಂತ್ರ್ಯವನ್ನರಸಿ ಬಂದ ಲೂಥರನ್ ಪಂಥದ ಜರ್ಮನರು 1842ರಿಂದ ಅಲ್ಲಿ ನೆಲಸಿದರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರ ಎಂಬ ಬೇರು ಹೀರುವ ಕೀಟ ಯೂರೋಪಿನ ದ್ರಾಕ್ಷಿ ತೋಟಗಳನ್ನು ನಾಶಮಾಡಿತು. 1877ರಲ್ಲಿ ಅದು ನೆರೆಯ ವಿಕ್ಟೋರಿಯದಲ್ಲಿಯೂ ಕಾಣಿಸಿಕೊಂಡಿತು. ದಕ್ಷಿಣ ಆಸ್ಟ್ರೇಲಿಯವಾದರೋ ಕಟ್ಟುನಿಟ್ಟಾದ ನಿರ್ಬಂಧಗಳಿಂದ ಅದನ್ನು ದೂರವಿರಿಸಿತು. ಆದುದರಿಂದಲೇ ನೂರು ವರ್ಷ ದಾಟಿದ ಷಿರಾಜ್ ಬಳ್ಳಿಗಳು ಅಲ್ಲಿ ಇಂದಿಗೂ ಫಲ ಕೊಡುತ್ತಿವೆ.

ಕರಿಯ ದ್ರಾಕ್ಷಿಯ ತಿರುಳಿನ ರಸಕ್ಕೆ ಸಾಮಾನ್ಯವಾಗಿ ಬಣ್ಣವಿಲ್ಲ, ಬಣ್ಣವಿರುವುದು ಸಿಪ್ಪೆಯಲ್ಲಿ. ಕೆಂಪು ವೈನಿಗಾಗಿ ಹಣ್ಣನ್ನು ಜಜ್ಜಿ ಸಿಪ್ಪೆಯ ಸಮೇತ ತೊಟ್ಟಿಗೆ ತುಂಬುತ್ತಾರೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡಾಗಿಯೂ ಒಡೆಯುತ್ತದೆ. ಈ ಹುದುಗು ಜೀವಿಗಳ ಕೆಲಸವೆಂದು 19ನೆಯ ಶತಮಾನದ ನಡುವೆ ಸಾಧಿಸಿ ತೋರಿಸಿದವರು ಲೂಯಿ ಪಾಸ್ತರ್. ಏಳುವ ಅನಿಲ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪನೆಯ ಮುಚ್ಚಳದಂತೆ ಮಾಡುತ್ತದೆ. ಅದು ಒಣಗದಂತೆ ತಳದ ರಸವನ್ನು ಪಂಪಿನಿಂದ ಎತ್ತಿ ಮೇಲೆ ಸುರಿಯುವುದು ನನ್ನ ಕೆಲಸವಾಗಿತ್ತು. ಆ ಅನಿಲ ಗಾಳಿಗಿಂತ ಭಾರ, ಕಣ್ಣಿಗೆ ಕಾಣದು. ಖಾಲಿಯಾದಂತೆ ತೋರುವ ತೊಟ್ಟಿಯೊಳಗೆ ಅಳೆದು ನೋಡದೆ ಇಳಿದವನು ಉಸಿರುಕಟ್ಟಿ ಸಾಯಬಹುದು. ಮೊದಲ ದಿನ ನಮಗೆ ಹೇಳಿಕೊಟ್ಟ ಮೊದಲ ಪಾಠ ಇದೇ. ಉಳಿದ ವೇಳೆಯೆಲ್ಲ ತೊಳೆಯುವುದು: ಕೊಳವೆ, ತೊಟ್ಟಿ, ನೆಲ, ಮತ್ತೆ ಕೊಳವೆ.

ಸಂಜೆ ನಮ್ಮ ಮೇಲ್ವಿಚಾರಕಿ ರುಚಿ ನೋಡುವುದನ್ನು ಕಲಿಸುತ್ತಿದ್ದರು. ಬಣ್ಣ ನೋಡಿ, ಲೋಟವನ್ನು ಮೆಲ್ಲನೆ ತಿರುಗಿಸಿ, ಮೂಸಿ, ಒಂದು ಗುಟುಕನ್ನು ಬಾಯಲ್ಲಾಡಿಸಿ ಉಗುಳಬೇಕು. ರುಚಿಯೆಂದು ನಾವು ತಿಳಿಯುವುದರಲ್ಲಿ ಹೆಚ್ಚಿನ ಪಾಲು ವಾಸನೆಯೇ ಎಂದು ಅವರು ಮೂಗು ಹಿಡಿಸಿ ತೋರಿಸಿದರು. ಸಿಪ್ಪೆ ಬೀಜಗಳ ಟ್ಯಾನಿನ್ ಬಾಯನ್ನು ಹಿಡಿಯುವ ಬಗೆಯನ್ನು ವಿವರಿಸಲು ಜೊತೆಗಾರರು ತಡಕಾಡುತ್ತಿದ್ದರು. ಬಾಳೆಕಾಯಿ, ನೇರಳೆ ಹಣ್ಣು ತಿಂದು ಬೆಳೆದ ನನಗೆ 'ಒಗರು' ಎಂಬ ಮಾತು ಬಾಯಲ್ಲೇ ಇತ್ತು.

ಈಸ್ಟರ್ ರಜೆಯಲ್ಲಿ ಇಬ್ಬರು ಹಳೆಯ ಸಹಪಾಠಿಗಳು ನನ್ನನ್ನು ನೋಡಲು ಬಂದರು. ಅವರಲ್ಲೊಬ್ಬನ ತಂದೆ ಚಿಕ್ಕಬಳ್ಳಾಪುರದ ಬಳಿ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುವವರು. ಅವನು ಮದ್ಯ ಮುಟ್ಟುವವನಲ್ಲ. "ನಾನು ಮೂಸಿ ನೋಡ್ತೀನಿ, ಅಷ್ಟೆ" ಎಂದು ಕುಳಿತ. ಎರಡು ಸೀಸೆಗಳಾದ ಮೇಲೆ, ಹದಿನೈದು ದಿನದ ಉಳಿತಾಯ ಕೊಟ್ಟು ತಂದಿದ್ದ ಹಳೆಯ ಷಿರಾಜ್ ಸೀಸೆಯ ಬಿರಡೆ ತೆಗೆದೆ. ಒಣಹಣ್ಣು, ತೊಗಲು, ಮಸಾಲೆ ಎಂದು ಸೀಸೆಯ ಹಿಂದಿನ ಚೀಟಿಯಲ್ಲಿದ್ದುದನ್ನೆಲ್ಲ ನನ್ನ ಮಾತೆಂಬಂತೆ ಹೇಳಿದೆ. ಒಬ್ಬ ತಲೆದೂಗಿದ. ಇನ್ನೊಬ್ಬ ಮೂಸಿ, "ಮಳೇಲಿ ನೆಂದ ಗೋಣಿಚೀಲದ ವಾಸನೆ ಕಣೋ" ಎಂದ.

"ಹಳೇ ವೈನ್ ಹೀಗೇ ಇರುತ್ತೆ. ಕುಡಿಯೋನೇ ಅಲ್ಲ ನೀನು, ನಿನಗೇನು ಗೊತ್ತು?" ಎಂದುಬಿಟ್ಟೆ. ಅವನು ಲೋಟವನ್ನು ಕೆಳಗಿಟ್ಟು ಸುಮ್ಮನಾದ. ಆ ಸಂಜೆ ಮಾತು ಮತ್ತೆ ಕೂಡಿಬರಲಿಲ್ಲ.

ಗೆಳೆಯರು ಹೊರಟ ಮೇಲೆ ಉಳಿದ ವೈನನ್ನು ಮೇಲ್ವಿಚಾರಕಿಗೆ ಕೊಟ್ಟೆ. ಅವರು ಒಮ್ಮೆ ಮೂಸಿ ಬಚ್ಚಲಿಗೆ ಸುರಿದು, "ಕಾರ್ಕ್ ಕೆಟ್ಟಿದೆ" ಎಂದರು. ಓಕ್ ಜಾತಿಯ ಒಂದು ಮರದ ತೊಗಟೆಯೇ ಈ ಬಿರಡೆ. ಅದರಲ್ಲಿ ಬೂಷ್ಟಿನ ಕ್ರಿಯೆಯಿಂದ ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಹುಟ್ಟುವುದುಂಟು. ನೂರು ಕೋಟಿ ಲೀಟರಿಗೆ ಕೆಲವೇ ಗ್ರಾಂ ಬೆರೆತರೂ ಸೂಕ್ಷ್ಮವಾದ ಮೂಗಿಗೆ ತಿಳಿಯುತ್ತದೆ. ಆ ಪ್ರಮಾಣದಲ್ಲಿ ಅದರಿಂದ ಆರೋಗ್ಯಕ್ಕೆ ಹಾನಿಯಿಲ್ಲ. ಆದರೆ ಹಣ್ಣಿನ ಪರಿಮಳ ಅಡಗಿ ಒದ್ದೆ ಗೋಣಿಯ, ಒದ್ದೆ ರಟ್ಟಿನ ವಾಸನೆ ಮೇಲೇಳುತ್ತದೆ. ಇದರಿಂದ ಬೇಸತ್ತು ಹತ್ತಿರದ ಕ್ಲೇರ್ ಕಣಿವೆಯ ಹಲವು ತಯಾರಕರು ತಮ್ಮ 2000ನೆಯ ಇಸವಿಯ ರೀಸ್ಲಿಂಗ್ ವೈನಿಗೆ ತಿರುಪಿನ ಮುಚ್ಚಳ ಹಾಕಿದರಂತೆ.

ಆ ರಾತ್ರಿಯೇ ಗೆಳೆಯನಿಗೆ ಫೋನು ಮಾಡಿ, "ನೀನು ಹೇಳಿದ್ದೇ ಸರಿ ಕಣೋ, ತಪ್ಪಾಯ್ತು" ಎಂದೆ. ಅವನು ನಕ್ಕು, "ಗೋಣಿಚೀಲ ಹೊತ್ತು ಬೆಳೆದೋನಿಗೆ ಅದರ ವಾಸನೆ ತಿಳಿಯಲ್ವೇನೋ?" ಎಂದ.

ಎರಡು ತಿಂಗಳ ಅಭ್ಯಾಸವಿದ್ದ ನಾನು ಚೀಟಿಯನ್ನು ಓದಿದೆ. ಒಂದು ಹನಿಯನ್ನೂ ಕುಡಿಯದವನು ಲೋಟದಲ್ಲಿದ್ದುದನ್ನು ಅರಿತ. ಇದೇ ಕಾಲೇಜಿನಲ್ಲಿ ಕವಿತೆಯನ್ನು ಓದದೆ, ಗೈಡಿನಲ್ಲಿದ್ದ 'ರಮ್ಯ', 'ಭಾವಪೂರ್ಣ' ಎಂಬ ಮಾತುಗಳನ್ನು ಬರೆದು ನಾನು ಅಂಕ ಪಡೆದುದುಂಟು. ಅದೂ ಚೀಟಿಯ ಓದೇ ಆಗಿತ್ತೆಂದು ಬರೋಸಾದಲ್ಲಿ ತಿಳಿಯಿತು. ನನ್ನ ಕಿರಿಯ ಮಿತ್ರರಿಗೆ ಅದು ಇಲ್ಲಿಯೇ ತಿಳಿದರೆ ಅಷ್ಟು ದೂರ ಹೋಗುವ ಶ್ರಮ ಉಳಿದೀತು.